ಮಿಲ್ಟ್ರಿಯಿಂದ ಪೆನ್ಶನ್ ಬಂದವರ ಎರಡನೆಯ ನೌಕರಿ: ಕಾಗದ, ಕೋಟಾ, ಕೈಕೆಲಸ

ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ‘ಅವ ಪೆನ್ಶನ್ ಬಂದಾನ’ ಅಂದರೆ ವಯಸ್ಸಾಗಿ ಕಟ್ಟೆ ಹಿಡಿದ ಅಂತ ಅರ್ಥವಲ್ಲ. ಹತ್ತೊಂಬತ್ತಕ್ಕೆ ಭರ್ತಿಯಾಗಿ ಹದಿನೇಳು ವರ್ಷ ಸೇವೆ ಮುಗಿಸಿದ ಸಿಪಾಯಿಗೆ ಆಗ ಇನ್ನೂ ಮೂವತ್ತಾರು. ಮಗಳು ಆರನೆಯ ಇಯತ್ತೆ, ಮಗ ಮೂರನೆಯದು, ಮನೆ ಅರ್ಧ ಕಟ್ಟಿದೆ, ಮೂರೆಕರೆ ಹೊಲದಲ್ಲಿ ಅಣ್ಣತಮ್ಮಂದಿರ ಪಾಲಿದೆ. ಪೆನ್ಶನ್ನಿನಿಂದ ಸಂತೆ, ಕಿರಾಣಿ ನಡೆದೀತು. ಮುಂದಿನ ಇಪ್ಪತ್ತೈದು ವರ್ಷದ ದುಡಿಮೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ಈ ಭಾಗಕ್ಕೆ ಸೈನ್ಯದ ನಂಟು ಹಳೆಯದು. ಮರಾಠಾ ಲೈಟ್ ಇನ್ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ನಡೆದಿದೆ. ಭರ್ತಿಗೆ ಏನು ಬೇಕೆಂದು ಕೇಳಿದರೆ ಹನುಮಪ್ಪನ ಗುಡಿ ಮುಂದೆ ಕೂತ ಹುಡುಗರೂ ಹೇಳುತ್ತಾರೆ. ಹೊರಗೆ ಬಂದ ಮೇಲೆ ಏನು ಮಾಡಬೇಕೆಂದು ಕೇಳಿದರೆ ಮಾತ್ರ ಸಿಗುವ ಉತ್ತರ ಒಂದೇ: ‘ಸೆಕ್ಯುರಿಟಿಗೆ ಹೋಗ್ರಿ.’ ಅದು ಒಂದು ದಾರಿ ಹೌದು. ಉಳಿದ ದಾರಿಗಳು ಮುಚ್ಚುವುದು ಬಹಳ ಸಲ ಅರ್ಹತೆ ಇಲ್ಲದ್ದಕ್ಕಲ್ಲ. ನಿವೃತ್ತಿಗೆ ಮುಂಚಿನ ಎರಡು ವರ್ಷ ಮತ್ತು ನಂತರದ ಆರು ತಿಂಗಳಲ್ಲಿ ಮಾಡಬೇಕಾದ ಸಣ್ಣ ಕೆಲಸಗಳು ಬಿಟ್ಟುಹೋಗುವುದಕ್ಕೆ.

‘ಮಾಜಿ ಸೈನಿಕ’ ಯಾರು

ಊರಿನವರ ಕಣ್ಣಿಗೆ ಯೂನಿಫಾರ್ಮ್ ಹಾಕಿ ಗಡಿಗೆ ಹೋದವರೆಲ್ಲ ಮಿಲ್ಟ್ರಿ. ಕಾನೂನಿನಲ್ಲಿ ಹಾಗಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಯಿಂದ ಪೆನ್ಶನ್ ಸಮೇತ ಬಂದವರು, ವೈದ್ಯಕೀಯ ಕಾರಣಕ್ಕೆ ಪೆನ್ಶನ್ ಕೊಟ್ಟು ಬಿಡುಗಡೆಯಾದವರು, ಸಿಬ್ಬಂದಿ ಕಡಿತದಲ್ಲಿ ಹೊರಬಂದವರು ಮಾಜಿ ಸೈನಿಕರು. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನ ದರ್ಜೆಗೆ ಪೆನ್ಶನ್ ಕಟ್ಟುವುದು 15 ವರ್ಷಕ್ಕೆ. ಮನೆಯ ತಾಪತ್ರಯ ಅಂತ ಹನ್ನೆರಡನೆಯ ವರ್ಷಕ್ಕೆ ಸ್ವಂತ ಕೋರಿಕೆಯ ಮೇಲೆ ಬಿಟ್ಟು ಬಂದವರಿಗೆ ಪೆನ್ಶನ್ ಇಲ್ಲ, ಮಾಜಿ ಸೈನಿಕರ ಮೀಸಲಾತಿಯೂ ಇಲ್ಲ. ಮೂರು ವರ್ಷ ಹಲ್ಲು ಕಚ್ಚಿದ್ದರೆ ಎರಡೂ ಕೈಗೆ ಬರುತ್ತಿದ್ದವು ಎಂಬುದು ಅವರಿಗೆ ಗೊತ್ತಾಗುವುದು ಅರ್ಜಿ ತಿರಸ್ಕೃತವಾದಾಗ.

ಬಿಎಸ್ಎಫ್, ಸಿಆರ್‌ಪಿಎಫ್, ಸಿಐಎಸ್ಎಫ್‌ನಿಂದ ಬಂದವರು ಈ ಲೆಕ್ಕದಲ್ಲಿ ಸೇರುವುದಿಲ್ಲ. ಅವರು ಗೃಹ ಸಚಿವಾಲಯದ ಅಡಿಯವರು, ಅವರ ಪುನರ್ವಸತಿಗೆ ಬೇರೆಯೇ ಮಂಡಳಿ ಇದೆ. ಅರ್ಜಿಯಲ್ಲಿ ‘ಮಾಜಿ ಸೈನಿಕ’ ಎಂದು ಟಿಕ್ ಹಾಕಿ ಆಯ್ಕೆಯಾದರೂ ದಾಖಲೆ ಪರಿಶೀಲನೆಯ ದಿನ ಹೆಸರು ಹೊಡೆದುಹಾಕುತ್ತಾರೆ.

ಹೆಸರಿನ ಗೊಂದಲ

ಬೇರೆ ಯಾವುದಕ್ಕಿಂತ ಹೆಚ್ಚು ಜನರ ಕೆಲಸ ಕೆಡಿಸುವುದು ಇದು. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಶಾಲೆಯ ದಾಖಲೆಯಲ್ಲಿ ‘ಪಾಟೀಲ ಬಸಪ್ಪ ಮಲ್ಲಪ್ಪ’, ಡಿಸ್ಚಾರ್ಜ್ ಬುಕ್ಕಿನಲ್ಲಿ ‘ಬಸಪ್ಪ ಎಂ ಪಾಟೀಲ್’, ಆಧಾರಿನಲ್ಲಿ ಬರೀ ‘ಬಸವರಾಜ ಪಾಟೀಲ’. ಹೆಂಡತಿಯದು ಇನ್ನೂ ತೊಡಕು: ತವರಿನ ಹೆಸರು ಒಂದು, ಅಕ್ಕಿ ಮೇಲೆ ಬರೆದು ಇಟ್ಟ ಗಂಡನ ಮನೆಯ ಹೆಸರು ಇನ್ನೊಂದು. ಜನ್ಮದಿನಾಂಕವೋ, ಶಾಲೆಗೆ ಸೇರಿಸುವಾಗ ಮಾಸ್ತರರು ಹಾಕಿದ ಜೂನ್ 1.

ಸೇವೆಯಲ್ಲಿ ಇರುವಾಗಲೇ ಇದನ್ನು ಸರಿಪಡಿಸುವುದು ಸುಲಭ. ಯೂನಿಟ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆ ತಿದ್ದುವ ಆದೇಶ) ಹೊರಡಿಸಿದರೆ ಹೆಂಡತಿ ಮಕ್ಕಳ ಹೆಸರು, ದಿನಾಂಕ ಎಲ್ಲವೂ ದಾಖಲೆಗೆ ಏರುತ್ತವೆ. ಹೊರಬಂದ ಮೇಲೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಪತ್ರ ಎಲ್ಲ ಜೋಡಿಸಿ ರೆಕಾರ್ಡ್ ಆಫೀಸಿಗೆ ಬರೆಯಬೇಕು, ತಿಂಗಳುಗಟ್ಟಲೆ ಕಾಯಬೇಕು. ಮರಾಠಾ ಎಲ್ಐಯವರ ರೆಕಾರ್ಡ್ಸ್ ಬೆಳಗಾವಿಯಲ್ಲೇ ಇರುವುದರಿಂದ ಅವರಿಗೆ ಟೆಂಪೋ ಚಾರ್ಜಿನಲ್ಲಿ ಕೆಲಸ ಆಗುತ್ತದೆ. ಮದ್ರಾಸ್ ರೆಜಿಮೆಂಟಿನವರದು ತಮಿಳುನಾಡಿನ ವೆಲ್ಲಿಂಗ್ಟನ್, ಆರ್ಟಿಲರಿಯದು ನಾಸಿಕ್, ಯಂತ್ರ ದುರಸ್ತಿ ವಿಭಾಗವಾದ ಇಎಂಇಯದು ಸಿಕಂದರಾಬಾದ್, ಸಿಗ್ನಲ್ಸ್‌ನದು ಜಬಲ್ಪುರ.

ಊರಿಗೆ ಬಂದ ಮೊದಲ ತಿಂಗಳಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಶನ್ ಪಾವತಿ ಆದೇಶ), ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಗಂಡ ಹೆಂಡತಿಯ ಜೋಡಿ ಫೋಟೋ ಇವುಗಳ ಮೂಲ ಪ್ರತಿ, ಎರಡು ಜೆರಾಕ್ಸ್ ಒಯ್ಯಿರಿ. ಇಲ್ಲಿ ಎರಡು ಬೇರೆ ಬೇರೆ ನೋಂದಣಿ ಇವೆ. ಒಂದು ಗುರುತಿನ ಚೀಟಿಗೆ, ಇನ್ನೊಂದು ಉದ್ಯೋಗಕ್ಕೆ. ಗುರುತಿನ ಚೀಟಿ ಸಿಕ್ಕ ಕೂಡಲೇ ಕೆಲಸ ಮುಗಿಯಿತೆಂದು ಬರುವವರೇ ಬಹಳ. ಬ್ಯಾಂಕಿನವರೋ ಕಾರ್ಖಾನೆಯವರೋ ಕಚೇರಿಗೆ ಜನ ಕೇಳಿ ಪತ್ರ ಬರೆದಾಗ ಕಳಿಸುವ ಪಟ್ಟಿ ಉದ್ಯೋಗ ನೋಂದಣಿಯದು. ಅದಕ್ಕೆ ನವೀಕರಣದ ದಿನಾಂಕ ಇರುತ್ತದೆ. ಚೀಟಿಯ ಮೇಲೆ ಬರೆಸಿಕೊಳ್ಳಿ, ಮೊಬೈಲ್ ನಂಬರ್ ಬದಲಾದರೆ ಹೋಗಿ ತಿದ್ದಿಸಿ.

ಮೀಸಲಾತಿಯ ಲೆಕ್ಕ

ಕೇಂದ್ರ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 10, ಹಿಂದಿನ ಗ್ರೂಪ್ ಡಿ ಮಟ್ಟದ ಹುದ್ದೆಗಳಲ್ಲಿ ಶೇ. 20 ಮಾಜಿ ಸೈನಿಕರಿಗೆ. ಸರ್ಕಾರಿ ಬ್ಯಾಂಕು ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ಲರ್ಕ್ ಮಟ್ಟಕ್ಕೆ ಶೇ. 14.5, ಅದರ ಕೆಳಗಿನ ಹುದ್ದೆಗಳಿಗೆ ಶೇ. 24.5. ಈ ಎರಡರಲ್ಲೂ ಶೇ. 4.5 ಭಾಗ ಅಂಗವಿಕಲ ಮಾಜಿ ಸೈನಿಕರಿಗೆ ಹಾಗೂ ಯುದ್ಧದಲ್ಲಿ ಮಡಿದವರ ಅವಲಂಬಿತರಿಗೆ. ರಾಜ್ಯದ ನೇಮಕಾತಿಯಲ್ಲಿ ಶೇ. 10.

ಈ ಶೇಕಡಾವಾರನ್ನು ಓದಿ ‘ನೂರು ಹುದ್ದೆ ಅಂದ್ರ ನಮಗ ಹತ್ತು’ ಎಂದು ಲೆಕ್ಕ ಹಾಕುವುದು ಪೂರ್ತಿ ಸರಿಯಲ್ಲ. ಇದು ಸಮತಲ ಮೀಸಲಾತಿ. ಜಾತಿವಾರು ಹಂಚಿಕೆ ಮೊದಲು ಆಗುತ್ತದೆ, ಆಮೇಲೆ ಪ್ರತಿ ಕಂಬದೊಳಗೆ ಅಡ್ಡಪಟ್ಟಿಯ ಹಾಗೆ ಮಾಜಿ ಸೈನಿಕರ ಪಾಲು ಬರುತ್ತದೆ. 2ಎಗೆ 15 ಹುದ್ದೆ ಇದ್ದರೆ ಅದರಲ್ಲಿ ಒಂದೋ ಎರಡೋ ಮಾಜಿ ಸೈನಿಕರದು. ಅಲ್ಲಿ 2ಎ ಮಾಜಿ ಸೈನಿಕರು ತಮ್ಮತಮ್ಮಲ್ಲೇ ಸ್ಪರ್ಧಿಸುತ್ತಾರೆ. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ಜಾತಿ ವರ್ಗದ ಬೇರೆ ಅಭ್ಯರ್ಥಿಗೆ ಹೋಗುತ್ತದೆ. ಇದರಿಂದ ಎರಡು ಮಾತು ತಿಳಿದುಕೊಳ್ಳಬೇಕು. ಜಾತಿ ಪ್ರಮಾಣಪತ್ರ ಚಾಲ್ತಿಯಲ್ಲಿ ಇಲ್ಲದಿದ್ದರೆ ನೀವು ಸಾಮಾನ್ಯ ವರ್ಗದ ಮಾಜಿ ಸೈನಿಕರ ಜೊತೆ ನಿಲ್ಲುತ್ತೀರಿ, ಅಲ್ಲಿ ಪೈಪೋಟಿ ಹೆಚ್ಚು. ಎರಡನೆಯದು, ರಾಜ್ಯದ 2ಎ, 3ಬಿ ಪತ್ರ ಇದ್ದವರೆಲ್ಲ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇರುವುದಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಕೇಂದ್ರದ ನಮೂನೆಯನ್ನು ಬೇರೆಯಾಗಿ ಕೇಳಬೇಕು.

ವಿಜಯಪುರದವರು ಇನ್ನೊಂದು ತಪ್ಪು ಮಾಡುತ್ತಾರೆ. ಪಕ್ಕದ ಕಲಬುರಗಿಗೆ ಸಿಗುವ, ಸಂವಿಧಾನದ 371ಜೆ ವಿಧಿಯ ಪ್ರಾದೇಶಿಕ ಮೀಸಲಾತಿ ಸೌಲಭ್ಯ ತಮಗೂ ಇದೆ ಎಂದುಕೊಳ್ಳುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಅದರ ಹೊರಗೆ. ಅಧಿಸೂಚನೆಯಲ್ಲಿ ನೋಡಬೇಕಾದದ್ದು ‘ಉಳಿಕೆ ಮೂಲ ವೃಂದ’, ಅಂದರೆ ಆ ಭಾಗ ಬಿಟ್ಟು ಉಳಿದ ಹುದ್ದೆಗಳ ಪಟ್ಟಿ.

ವಯಸ್ಸಿನ ವಿಷಯದಲ್ಲಿ ಅನವಶ್ಯಕ ಹೆದರಿಕೆ ಇದೆ. ಕೇಂದ್ರದ ನಿಯಮ ಹೀಗಿದೆ: ಈಗಿನ ವಯಸ್ಸಿನಲ್ಲಿ ಸೇವೆಯ ವರ್ಷ ಕಳೆಯಿರಿ, ಉಳಿದದ್ದು ಹುದ್ದೆಯ ಗರಿಷ್ಠ ವಯಸ್ಸಿಗಿಂತ 3 ವರ್ಷಕ್ಕೂ ಹೆಚ್ಚು ಇರಬಾರದು. 17 ವರ್ಷ ಸೇವೆ ಮಾಡಿದವರಿಗೆ ಈಗ 40 ಎಂದಿಟ್ಟುಕೊಳ್ಳಿ. 40ರಲ್ಲಿ 17 ಕಳೆದರೆ 23. ಹುದ್ದೆಯ ಮಿತಿ 27 ಇದ್ದರೆ ಮೂರು ಸೇರಿ 30. ಇವರು 47 ತುಂಬುವವರೆಗೂ ಅರ್ಜಿ ಹಾಕಬಹುದು. ರಾಜ್ಯದಲ್ಲೂ ಗರಿಷ್ಠ ಮಿತಿಗೆ ಸೇವಾ ವರ್ಷ ಮತ್ತು 3 ವರ್ಷ ಕೂಡಿಸುತ್ತಾರೆ.

ಹೊರಬರುವ ಮುನ್ನವೂ ಅರ್ಜಿ ಹಾಕಲು ಬರುತ್ತದೆ. ಸೇವಾವಧಿ ಮುಗಿಯಲು ಒಂದು ವರ್ಷದೊಳಗೆ ಇರುವಾಗ, ಯೂನಿಟ್ಟಿನ ನಿರಾಕ್ಷೇಪಣಾ ಪತ್ರದೊಂದಿಗೆ. ಬ್ಯಾಂಕ್ ಕ್ಲರ್ಕ್ ನೇಮಕಾತಿ ವರ್ಷಕ್ಕೊಮ್ಮೆ ಬರುವಂಥದ್ದು. ಡಿಸ್ಚಾರ್ಜ್ ಆದ ಮೇಲೆ ನೋಡೋಣ ಎಂದವರಿಗೆ ಒಂದು ಸುತ್ತು ತಪ್ಪಿತೆಂದೇ ಲೆಕ್ಕ.

ವಿದ್ಯಾರ್ಹತೆಗೂ ಒಂದು ಬಾಗಿಲಿದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು, ತಾಂತ್ರಿಕ ಅನುಭವ ಕಡ್ಡಾಯವಲ್ಲದ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮಾನ ಎಂದು ಪರಿಗಣಿಸುತ್ತಾರೆ. ಅದರ ಪ್ರಮಾಣಪತ್ರವನ್ನು ಹೊರಬರುವಾಗಲೇ ತರಬೇಕು. ಅದನ್ನು ನಿಜವಾದ ಡಿಗ್ರಿ ಅಂತ ತಿಳಿದು ಎಂಎ ಸೇರಲು, ಬಿಎಡ್ ಮಾಡಲು ಹೋದವರು ಪೆಚ್ಚಾಗಿ ಬಂದಿದ್ದಾರೆ. ರಾಜ್ಯದ ಹುದ್ದೆಗೆ ಅದು ನಡೆಯುತ್ತದೋ ಇಲ್ಲವೋ ಎಂದು ಆಯಾ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು.

ಪರೀಕ್ಷೆಯ ಭಾಷೆ ಹಿಂದಿ, ಇಂಗ್ಲಿಷ್ ಎಂದು ಹಿಂಜರಿಯುವ ಕಾಲ ಹೋಯಿತು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ (ಪ್ಯೂನ್ ಮಟ್ಟದ್ದು), ಸಿಎಚ್ಎಸ್ಎಲ್ (ಪಿಯುಸಿ ಮೇಲಿನ ಕ್ಲರ್ಕ್ ಮಟ್ಟದ್ದು) ಪರೀಕ್ಷೆಗಳು ಕನ್ನಡದಲ್ಲೂ ಇವೆ. ತಿರುವು ಎಲ್ಲಿದೆಯೆಂದರೆ, ಹದಿನೇಳು ವರ್ಷ ಹಿಂದಿಯಲ್ಲೇ ಮಾತಾಡಿ ಬಂದವರಿಗೆ ಕನ್ನಡ ಬರವಣಿಗೆಯ ರೂಢಿ ತಪ್ಪಿರುತ್ತದೆ. ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 150ಕ್ಕೆ 50 ಬರದಿದ್ದರೆ ಉಳಿದ ಪತ್ರಿಕೆಯ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಗಡಿಭಾಗದಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಇದು ಇನ್ನೂ ದೊಡ್ಡ ಗೋಡೆ. ದಿನಕ್ಕೊಂದು ಪುಟ ಕೈಯಿಂದ ಬರೆಯುವುದಕ್ಕಿಂತ ಬೇರೆ ಉಪಾಯವಿಲ್ಲ.

ಒಮ್ಮೆ ಮಾತ್ರ, ಆದರೆ...

ಸರ್ಕಾರಿ ನೌಕರಿಗೆ ಮಾಜಿ ಸೈನಿಕ ಮೀಸಲಾತಿಯನ್ನು ಒಮ್ಮೆ ಬಳಸಿ ಸೇರಿದರೆ ಎರಡನೆಯ ಸಲ ಸಿಗುವುದಿಲ್ಲ. ಹೀಗಾಗಿ ಮೊದಲು ಪ್ಯೂನ್ ಕೆಲಸ ಸಿಕ್ಕವರು, ಹಾಕಿಟ್ಟ ಕ್ಲರ್ಕ್ ಅರ್ಜಿ ಏನಾಗುತ್ತದೋ ಎಂದು ಸೇರಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತಾರೆ. ಇದಕ್ಕೆ 2014ರ ಆಗಸ್ಟ್ 14ರ ಕೇಂದ್ರದ ಸಿಬ್ಬಂದಿ ಇಲಾಖೆಯ ಆದೇಶದಲ್ಲಿ ಪರಿಹಾರವಿದೆ. ಮೊದಲ ನೌಕರಿಗೆ ಸೇರುವ ಮುನ್ನವೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಸೇರಿದ ಕೂಡಲೇ ಆ ಅರ್ಜಿಗಳ ವಿವರವನ್ನು ದಿನಾಂಕವಾರು ಬರೆದು ಸ್ವಯಂ ಘೋಷಣೆ ಕೊಡಬೇಕು. ಆಗ ಆ ಪಟ್ಟಿಯಲ್ಲಿರುವ ಹುದ್ದೆಗಳಿಗೆ ಮೀಸಲಾತಿ ಉಳಿಯುತ್ತದೆ.

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಸಾಕು: ಅರ್ಜಿ ಹಾಕಿದ ದಿನಾಂಕ, ಜಾಹೀರಾತಿನ ಸಂಖ್ಯೆ, ಹುದ್ದೆಯ ಹೆಸರು, ಅರ್ಜಿ ಸಂಖ್ಯೆ. ಎರಡು ಪ್ರತಿ ಮಾಡಿ, ಸೇರಿದ ದಿನವೇ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಮತ್ತು ಸೀಲು ಹಾಕಿಸಿ. ಹೊಸ ಕಚೇರಿಯ ಗುಮಾಸ್ತರಿಗೆ ಈ ಆದೇಶವೇ ಗೊತ್ತಿರುವುದಿಲ್ಲ, ‘ಇದೆಲ್ಲ ಬ್ಯಾಡ್ರಿ’ ಅನ್ನುತ್ತಾರೆ. ಟಪಾಲು ವಿಭಾಗದಲ್ಲಿ ಕೊಟ್ಟಾದರೂ ಸೀಲು ಪಡೆಯಿರಿ. ಎರಡು ವರ್ಷದ ನಂತರ ಕ್ಲರ್ಕ್ ಹುದ್ದೆಯ ದಾಖಲೆ ಪರಿಶೀಲನೆಯಲ್ಲಿ ಕೇಳುವುದು ಆ ಸೀಲನ್ನೇ.

ಸಂಬಳದ ಬಗ್ಗೆ ಒಂದು ಮಾತು. ಅಧಿಕಾರಿ ದರ್ಜೆಗಿಂತ ಕೆಳಗಿನವರು ಕೇಂದ್ರದ ನೌಕರಿಗೆ ಸೇರಿದಾಗ ಮಿಲಿಟರಿ ಪೆನ್ಶನ್ ಪೂರ್ತಿ ಬಿಟ್ಟು ಲೆಕ್ಕ ಹಾಕುತ್ತಾರೆ. ಪೆನ್ಶನ್ ಬರುತ್ತಲೇ ಇರುತ್ತದೆ, ಹೊಸ ಹುದ್ದೆಯ ಮೂಲ ವೇತನ ತಳದಿಂದ ಶುರುವಾಗುತ್ತದೆ. ತಳದಿಂದ ನಿಗದಿಯಾದಾಗ ಪೆನ್ಶನ್ ಮೇಲಿನ ತುಟ್ಟಿಪರಿಹಾರವೂ ನಿಲ್ಲಬಾರದು. ನಿಂತರೆ ಸುಮ್ಮನಿರದೆ ಬರೆದು ಕೇಳಿ.

ಬೆಳಗಾವಿಯವರು ಮರೆಯುವ ಎರಡು ಜಾಗ ಹೇಳಿಬಿಡುತ್ತೇವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್‌ನ ಪಾಲಿಕ್ಲಿನಿಕ್‌ಗಳು ಡ್ರೈವರ್, ಕ್ಲರ್ಕ್, ನರ್ಸಿಂಗ್ ಅಸಿಸ್ಟೆಂಟ್, ಅಟೆಂಡರ್‌ಗಳನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತವೆ, ಮಾಜಿ ಸೈನಿಕರಿಗೆ ಆದ್ಯತೆ ಇದೆ. ಜಾಹೀರಾತು ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಿಂದ ಬರುತ್ತದೆ. ಇನ್ನೊಂದು ಡಿಎಸ್‌ಸಿ, ಅಂದರೆ ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್. ಇದರ ಕೇಂದ್ರ ಕಣ್ಣೂರಿನಲ್ಲಿ. ಮತ್ತೆ ಯೂನಿಫಾರ್ಮ್ ಹಾಕುವ ಮನಸ್ಸಿದ್ದು, ಮೆಡಿಕಲ್ ಕೆಟಗರಿ ಚೆನ್ನಾಗಿದ್ದು, ಡಿಸ್ಚಾರ್ಜ್ ಬುಕ್ಕಿನಲ್ಲಿ ನಡತೆ ‘ಎಕ್ಸೆಂಪ್ಲರಿ’ ಅಥವಾ ‘ವೆರಿ ಗುಡ್’ ಇದ್ದರೆ ತಡಮಾಡಬಾರದು; ಹೊರಬಂದು ವರ್ಷಗಳು ಕಳೆದರೆ ಈ ದಾರಿ ಮುಚ್ಚುತ್ತದೆ.

‘ಮಿಲ್ಟ್ರಿಯೊಳಗ ಏನ್ ಕೆಲಸ ಮಾಡ್ತಿದ್ರಿ?’

ಖಾಸಗಿ ನೌಕರಿಯಲ್ಲಿ ಕೋಟಾ ಇಲ್ಲ. ಅಲ್ಲಿ ನಡೆಯುವುದು ಮಾತು. ಮಾತು ಬಹಳ ಸಲ ಹೀಗೆ ಸಾಗುತ್ತದೆ:

‘ಮಿಲ್ಟ್ರಿಯೊಳಗ ಏನ್ ಕೆಲಸ ಮಾಡ್ತಿದ್ರಿ?’
‘ಎಸ್‌ಕೆಟಿ ಇದ್ದೆ ರೀ ಸರ, ಹವಾಲ್ದಾರ್.’
‘ಅಂದ್ರ?’
‘ಸ್ಟೋರ್ ನೋಡ್ಕೋತಿದ್ದೆ ರೀ.’
‘ಹೌದಾ. ನಮ್ಮಲ್ಲಿ ಗೇಟಿನ್ಯಾಗ ಒಂದ್ ಜಾಗಾ ಖಾಲಿ ಅದ, ಮಾಡ್ತೀರೇನು?’

ಎರಡು ನಿಮಿಷದಲ್ಲಿ ಹದಿನೆಂಟು ವರ್ಷದ ಅನುಭವ ಗೇಟಿಗೆ ಬಂದು ನಿಂತಿತು. ಸ್ಟೋರ್ ಕೀಪರ್ ಟೆಕ್ನಿಕಲ್ ಎಂದರೆ ಸಾವಿರಾರು ಬಿಡಿಭಾಗಗಳ ಲೆಡ್ಜರ್, ಬಂದದ್ದು ಹೋದದ್ದರ ವೋಚರ್, ವರ್ಷದ ಸ್ಟಾಕ್ ಟೇಕಿಂಗ್, ಆಡಿಟ್‌ಗೆ ಉತ್ತರ. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಿಗೆ, ಹತ್ತರಗಿಯ ಏರೋಸ್ಪೇಸ್ ಎಸ್ಇಝಡ್‌ಗೆ ಬೇಕಾದ್ದೇ ಈ ಕೆಲಸ. ಆದರೆ ಅದನ್ನು ಅವರ ಮಾತಿನಲ್ಲಿ ಹೇಳಬೇಕು. ಬಯೋಡೇಟಾದಲ್ಲಿ ‘18 ವರ್ಷ ದೇಶಸೇವೆ’ ಎಂಬ ಸಾಲಿನ ಜಾಗದಲ್ಲಿ ಇಷ್ಟು ಬರೆಯಿರಿ: ಎಷ್ಟು ಬಗೆಯ ಸಾಮಾನು ನೋಡಿಕೊಂಡಿರಿ, ಕೈಕೆಳಗೆ ಎಷ್ಟು ಜನ, ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟಿದ್ದೀರಾ, ಆಡಿಟ್‌ನಲ್ಲಿ ವ್ಯತ್ಯಾಸ ಬಂದಿತ್ತೇ. ಸೈನ್ಯದಲ್ಲಿ ಇಲ್ಲದ ಎರಡು ಸಂಗತಿ ಕಲಿತುಕೊಂಡರೆ ಕೊರತೆ ತುಂಬುತ್ತದೆ: ಟ್ಯಾಲಿ, ಮತ್ತು ಜಿಎಸ್‌ಟಿ ಬಿಲ್ಲಿನ ಜೊತೆಗೆ ₹50,000 ಮೀರಿದ ಸರಕಿಗೆ ಮಾಡಬೇಕಾದ ಇ-ವೇ ಬಿಲ್. ಮೂರು ತಿಂಗಳ ಸಂಜೆ ಕ್ಲಾಸಿನಲ್ಲಿ ಆಗುವ ಕೆಲಸ.

ಇದಕ್ಕೆ ಸೇವೆಯಲ್ಲಿರುವಾಗಲೇ ಸಮಯ ಸಿಗುತ್ತದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಆರ್, ಕೊನೆಯ ಎರಡು ವರ್ಷದಲ್ಲಿರುವ ಜವಾನರಿಗೆ ಮತ್ತು ಜೆಸಿಒಗಳಿಗೆ (ಸುಬೇದಾರ್ ದರ್ಜೆಯವರಿಗೆ) 24 ವಾರದವರೆಗಿನ ಕೋರ್ಸ್ ಕೊಡುತ್ತದೆ, ಫೀ ಇಲ್ಲ. ಪಟ್ಟಿ ಯೂನಿಟ್‌ಗೆ ಬರುತ್ತದೆ. ದುರಂತವೆಂದರೆ ಅದನ್ನು ‘ಊರ ಹತ್ತಿರ ಆರು ತಿಂಗಳು’ ಎಂದು ಆರಿಸಿಕೊಳ್ಳುವವರೇ ಹೆಚ್ಚು, ಕೋರ್ಸ್ ಯಾವುದಿದ್ದರೂ ಸೈ. ಸುಟಿಗಾಗಿ ಕಲಿತ ವಿದ್ಯೆಯ ಸರ್ಟಿಫಿಕೇಟು ಟ್ರಂಕಿನಲ್ಲೇ ಉಳಿಯುತ್ತದೆ.

ಉಳಿದ ಟ್ರೇಡ್‌ಗಳಿಗೆ ತೊಡಕು ಬೇರೆ: ಕೈಯಲ್ಲಿ ವಿದ್ಯೆ ಇದೆ, ನಾಗರಿಕ ಕಾನೂನಿನ ಪರವಾನಗಿ ಇಲ್ಲ. ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿಯ ಸಕ್ಕರೆ ಕಾರ್ಖಾನೆಗಳು ಬಾಯ್ಲರ್ ಮೇಲೆ ಜನ ಹುಡುಕುತ್ತವೆ, ಆದರೆ ಬಾಯ್ಲರ್ ಅಟೆಂಡೆಂಟ್ ಪ್ರಮಾಣಪತ್ರ ಇಲ್ಲದವರನ್ನು ಅಲ್ಲಿ ನಿಲ್ಲಿಸುವಂತಿಲ್ಲ. ಎಲೆಕ್ಟ್ರಿಷಿಯನ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಅಥವಾ ಸೂಪರ್‌ವೈಸರ್ ಪರ್ಮಿಟ್ ಬೇಕು. 2,400 ಮೆಗಾವ್ಯಾಟಿನ ಕೂಡಗಿ ಸ್ಥಾವರವಿರಲಿ, ಲೋಕಾಪುರದ ಕಡೆಯ ಸಿಮೆಂಟ್ ಕಾರ್ಖಾನೆ ಇರಲಿ, ಗುತ್ತಿಗೆದಾರ ಮೊದಲು ಕೇಳುವುದು ಈ ಪರ್ಮಿಟ್. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಯುದ್ಧಭೂಮಿಯಲ್ಲಿ ಗಾಯ ಹೊಲಿದಿರಬಹುದು, ಆದರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಇಲ್ಲದೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಲಾರರು. ಆಂಬುಲೆನ್ಸ್, ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೇಂದ್ರ ಅವರಿಗೆ ಹೊಂದುವ ಜಾಗ. ಡ್ರೈವರುಗಳು ಮಿಲಿಟರಿ ಲೈಸೆನ್ಸನ್ನು ಸೇವೆಯಲ್ಲಿರುವಾಗಲೇ ಆರ್‌ಟಿಒ ಲೈಸೆನ್ಸಿಗೆ ಬದಲಿಸಿ, ಹೆವಿ ಟ್ರಾನ್ಸ್‌ಪೋರ್ಟ್ ನಮೂದಾಗಿದೆಯೇ ನೋಡಿಕೊಳ್ಳಬೇಕು. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರಿಗೆ ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ, ಅದರ ನಮೂದು ಬೇಕು. ಈ ಒಂದು ಮುದ್ರೆಯಿಂದ ಪಗಾರ ಏರುತ್ತದೆ.

ಸಕ್ಕರೆ ಕಾರ್ಖಾನೆಯ ನೌಕರಿ ಕೇಳುವಾಗ ಹಂಗಾಮಿಯೋ ಕಾಯಂ ಆಗುವಂಥದ್ದೋ ಎಂದು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಕಬ್ಬು ನುರಿಸುವುದು ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯವರೆಗೆ, ಆಮೇಲೆ ಮನೆ.

ಗೋಕಾಕ, ಬೈಲಹೊಂಗಲ ಕಡೆ ಪೆನ್ಶನ್ ಬಂದವರು ಭರ್ತಿ ತರಬೇತಿ ಅಕಾಡೆಮಿ ತೆರೆಯುವುದು ಈಗ ರೂಢಿ. ಓಟ, ಬೀಮು, ಉದ್ದಜಿಗಿತ ಅವರಿಗೆ ಗೊತ್ತಿದ್ದದ್ದೇ. 2023ರಿಂದ ಅಗ್ನಿವೀರ ಭರ್ತಿಯಲ್ಲಿ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗಷ್ಟೇ 1.6 ಕಿಲೋಮೀಟರ್ ಓಟ. ಗಣಿತ, ಸಾಮಾನ್ಯ ಜ್ಞಾನ ಕಲಿಸುವ ಒಬ್ಬ ಮಾಸ್ತರ ಮತ್ತು ನಾಲ್ಕು ಕಂಪ್ಯೂಟರ್ ಇಲ್ಲದ ಅಕಾಡೆಮಿಯ ಹುಡುಗರು ಮೈದಾನದವರೆಗೂ ಬರುವುದಿಲ್ಲ.

ಸೆಕ್ಯುರಿಟಿ ಕೆಲಸವೇ ಹಿಡಿದರೆ

ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಅದರ ನಿಯಮ ತಿಳಿದಿರಬೇಕು. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರದು. ಹೊಸಬ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಮೈದಾನ ತರಬೇತಿ ಇದ್ದರೆ, ಮಾಜಿ ಸೈನಿಕರಿಗೆ 40 ಮತ್ತು 16 ಗಂಟೆ, ಏಳು ಕೆಲಸದ ದಿನಗಳಲ್ಲಿ ಮುಗಿಯುತ್ತದೆ. ಈ ಸರ್ಟಿಫಿಕೇಟ್ ಇದ್ದರೆ ಸೂಪರ್‌ವೈಸರ್ ಹುದ್ದೆ ಕೇಳಿ. ಹತ್ತು ಜನರ ಸೆಕ್ಷನ್ ನಡೆಸಿದ ಹವಾಲ್ದಾರರು ಒಂದು ಗೇಟಿನ ರಿಜಿಸ್ಟರ್ ಬರೆಯಲು ಒಪ್ಪಿಕೊಳ್ಳುವುದು ಕೇಳದೆ ಇದ್ದುದಕ್ಕೆ.

ಪಗಾರದ ಚೀಟಿಯನ್ನು ಓದಲು ಕಲಿಯಿರಿ. ಉದಾಹರಣೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹15,000, ಒಟ್ಟು ₹18,000 ಅಂತಿಟ್ಟುಕೊಳ್ಳಿ. ಪಿಎಫ್ ಶೇ. 12, ಅಂದರೆ ₹1,800. ಇಎಸ್ಐ ಒಟ್ಟಿನ ಮೇಲೆ ಶೇ. 0.75, ಅಂದರೆ ₹135. ಕೈಗೆ ₹16,065 ಬರಬೇಕು. ಮಾಲೀಕರ ಪಾಲಿನ ಪಿಎಫ್ ಮತ್ತು ಶೇ. 3.25 ಇಎಸ್ಐ ಅವರ ಕಿಸೆಯದು. ಅದನ್ನೂ ನಿಮ್ಮ ಪಗಾರದಲ್ಲೇ ಮುರಿದರೆ ತಪ್ಪು. ಎಂಟು ತಾಸಿನ ಮೇಲಿನ ದುಡಿಮೆಗೆ ದುಪ್ಪಟ್ಟು ದರ. ಹನ್ನೆರಡು ತಾಸು ನಿಲ್ಲಿಸಿ ಎಂಟು ತಾಸಿನ ಪಗಾರ ಕೊಡುವುದು ಈ ಧಂದೆಯ ಹಳೆಯ ಚಾಳಿ. ಯುಎಎನ್ ನಂಬರ್ ಇಸಿದುಕೊಂಡು ಪಿಎಫ್ ತುಂಬುತ್ತಿದ್ದಾರೋ ಇಲ್ಲವೋ ತಿಂಗಳಿಗೊಮ್ಮೆ ಮೊಬೈಲಿನಲ್ಲಿ ನೋಡಿ.

ಬಂದೂಕು ಲೈಸೆನ್ಸ್ ಇದ್ದರೆ ಗನ್‌ಮನ್ ಕೆಲಸಕ್ಕೆ ಹೆಚ್ಚು ದರ ಸಿಗುತ್ತದೆ. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಅನುಮತಿ ಇದೆ ಎಂದು ನೋಡದೆ ಪುಣೆ, ಗೋವಾದಲ್ಲಿ ಕೆಲಸ ಒಪ್ಪಿಕೊಂಡು ಕೇಸ್ ಹಾಕಿಸಿಕೊಂಡವರಿದ್ದಾರೆ.

ಇನ್ನೊಂದು ಅಪಾಯ ಹೆಸರು ಬಾಡಿಗೆಗೆ ಕೇಳುವವರದು. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿಯಲ್ಲಿ ರಕ್ಷಣಾ ಸಿಬ್ಬಂದಿಯ ಪಾಲು ಇರುವುದರಿಂದ, ‘ಹೆಸರು ನಿಮ್ಮದು, ರೊಕ್ಕ ನಮ್ಮದು, ತಿಂಗಳಿಗೆ ಇಷ್ಟು ಕೊಡ್ತೀವಿ’ ಎಂದು ಬರುತ್ತಾರೆ. ಸಾಲ, ತೆರಿಗೆ, ಅಳತೆಯಲ್ಲಿ ಮೋಸದ ಕೇಸು ಎಲ್ಲವೂ ಹೆಸರಿದ್ದವರ ಮೇಲೆ ಬೀಳುತ್ತವೆ. ನೌಕರಿ ಕೊಡಿಸಲು ಮುಂಗಡ ಕೇಳುವ ದಲ್ಲಾಳಿಗಳೂ ಅದೇ ಜಾತಿ. ಸೈನಿಕ ಕಲ್ಯಾಣ ಕಚೇರಿ ಹೆಸರು ಕಳಿಸಲು ದುಡ್ಡು ಕೇಳುವುದಿಲ್ಲ.

ಸ್ವಂತ ಉದ್ಯೋಗ, ಹೆಂಡತಿಯ ಉದ್ಯೋಗ

ಹೊರಬರುವಾಗ ಗ್ರಾಚುಯಿಟಿ, ಪೆನ್ಶನ್ ಕಮ್ಯುಟೇಶನ್, ಫಂಡ್ ಎಲ್ಲ ಸೇರಿ ದೊಡ್ಡ ಮೊತ್ತ ಒಟ್ಟಿಗೆ ಬರುತ್ತದೆ. ಸೈನ್ಯದವರು ಪೆನ್ಶನ್ನಿನ ಅರ್ಧದವರೆಗೆ ಮುಂಗಡ ಪಡೆಯಬಹುದು, ಪೂರ್ತಿ ಪೆನ್ಶನ್ ಮರಳುವುದು 15 ವರ್ಷಕ್ಕೆ. ಆ ರೊಕ್ಕ ಮೊದಲ ವರ್ಷದಲ್ಲೇ ಟ್ರ್ಯಾಕ್ಟರ್, ಜೀಪು, ಬೀಗರ ಕೈಸಾಲಕ್ಕೆ ಹೋಗದಂತೆ ಆರು ತಿಂಗಳು ಠೇವಣಿಯಲ್ಲಿ ಇಡುವುದು ಒಳ್ಳೆಯದು.

ಉದ್ದಿಮೆಗೆ ಎಲ್ಲವನ್ನೂ ಸ್ವಂತ ಹಾಕಬೇಕಿಲ್ಲ. ಕೇಂದ್ರದ ಸ್ವಉದ್ಯೋಗ ಸಾಲ-ಸಬ್ಸಿಡಿ ಯೋಜನೆಯಾದ ಪಿಎಂಇಜಿಪಿಯಲ್ಲಿ ಮಾಜಿ ಸೈನಿಕರು ವಿಶೇಷ ವರ್ಗ: ಗ್ರಾಮೀಣ ಭಾಗದಲ್ಲಿ ಶೇ. 35, ಪಟ್ಟಣದಲ್ಲಿ ಶೇ. 25 ಸಬ್ಸಿಡಿ, ಸ್ವಂತ ಪಾಲು ಶೇ. 5 ಮಾತ್ರ. ಹಳ್ಳಿಯಲ್ಲಿ ₹10 ಲಕ್ಷದ ಘಟಕ ಎಂದರೆ ನಿಮ್ಮದು ₹50,000, ಬ್ಯಾಂಕಿನದು ₹9.5 ಲಕ್ಷ. ಸಬ್ಸಿಡಿ ₹3.5 ಲಕ್ಷ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ. ಘಟಕ ನಡೆದಿದೆ ಎಂದು ತಪಾಸಣೆಯಾದ ಮೇಲೆ ಸಾಲಕ್ಕೆ ಜಮಾ. ಮಂಜೂರಾತಿಗೆ ಮುಂಚೆ ಮಷೀನು ಕೊಂಡರೆ, ನಡೆಯುತ್ತಿರುವ ಅಂಗಡಿಯನ್ನೇ ತೋರಿಸಿದರೆ, ಜಾಗದ ಬೆಲೆ ಸೇರಿಸಿದರೆ ಅರ್ಜಿ ಬಿದ್ದುಹೋಗುತ್ತದೆ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ. ಯೋಜನೆಗೆ ಮಂಜೂರಾತಿ ಇದ್ದದ್ದು 2025-26ರವರೆಗೆ, ಆದ್ದರಿಂದ ಅರ್ಜಿಗೆ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಹದಿನೇಳು ವರ್ಷ ಮನೆ, ಹೊಲ, ಅತ್ತೆ ಮಾವ, ಬ್ಯಾಂಕು ಎಲ್ಲ ಒಬ್ಬಳೇ ನಡೆಸಿದ ಹೆಂಡತಿಗೆ ವ್ಯವಹಾರ ಗಂಡನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅರ್ಜಿ ಅವಳ ಹೆಸರಿನಲ್ಲಿ ಹಾಕಿದರೂ ಮಹಿಳೆ ಎಂಬ ಕಾರಣಕ್ಕೆ ಅದೇ ವಿಶೇಷ ದರ. ಹೊಲಿಗೆ, ಹೈನುಗಾರಿಕೆ, ಕಂಪ್ಯೂಟರ್ ಲೆಕ್ಕಪತ್ರದ ತರಬೇತಿ ಜಿಲ್ಲೆಯ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಊಟ ವಸತಿ ಸಮೇತ ಉಚಿತ. ಮಕ್ಕಳು ವೃತ್ತಿಪರ ಪದವಿಗೆ ಸೇರಿದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ತಿಂಗಳಿಗೆ ಹೆಣ್ಣುಮಕ್ಕಳಿಗೆ ₹3,000, ಗಂಡುಮಕ್ಕಳಿಗೆ ₹2,500, ಪಿಯುಸಿಯಲ್ಲಿ ಶೇ. 60 ಬೇಕು, ಮೊದಲ ವರ್ಷವೇ ಕೇಂದ್ರೀಯ ಸೈನಿಕ ಮಂಡಳಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಎರಡನೆಯ ವರ್ಷಕ್ಕೆ ನೆನಪಾದರೆ ಆಗದು. ತೀರಿಕೊಂಡ ಮಾಜಿ ಸೈನಿಕರ ಹೆಂಡತಿಯರು ಓದುವುದಿದ್ದರೆ ಅವರಿಗೂ ಈ ವಿದ್ಯಾರ್ಥಿವೇತನ ಇದೆ ಎಂಬುದು ಅನೇಕರಿಗೆ ಗೊತ್ತಿಲ್ಲ.

ಅಗ್ನಿವೀರರಿಗೆ ಬೇರೆ ಲೆಕ್ಕ

ಇದುವರೆಗೆ ಹೇಳಿದ ಮೀಸಲಾತಿ, ವಯೋಮಿತಿ, ಇಸಿಎಚ್ಎಸ್ ಯಾವುದೂ ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ ಅನ್ವಯಿಸುವುದಿಲ್ಲ. ಯೋಜನೆಯ ಪ್ರಕಾರ ಅವರಿಗೆ ಪೆನ್ಶನ್ನೂ ಇಲ್ಲ, ಮಾಜಿ ಸೈನಿಕರ ದರ್ಜೆಯೂ ಇಲ್ಲ. ಶೇ. 25ರವರೆಗೆ ಕಾಯಂ ಆಗುತ್ತಾರೆ, ಉಳಿದವರಿಗೆ ಬಡ್ಡಿ ಸೇರಿ ಸುಮಾರು ₹11.71 ಲಕ್ಷ ಸೇವಾ ನಿಧಿ, ಒಂದು ಕೌಶಲ ಪ್ರಮಾಣಪತ್ರ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ 2022ರಲ್ಲಿ ಘೋಷಿಸಿದ್ದು ಶೇ. 10 ಹುದ್ದೆ, ವಯಸ್ಸಿನಲ್ಲಿ 3 ವರ್ಷ ಸಡಿಲಿಕೆ, ಮೊದಲ ತಂಡಕ್ಕೆ 5 ವರ್ಷ; ಈಗಿನ ಪ್ರಮಾಣವನ್ನು ಆಯಾ ಪಡೆಯ ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

ಆ ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆಯಲ್ಲಿ ಹಾಗೂ 2023ರ ಜನವರಿಯಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಆರಂಭಕ್ಕೆ. ಹತ್ತನೇ ತರಗತಿ ಮೇಲೆ ಸೇರಿದವರು ಸೇವೆಯಲ್ಲಿರುವಾಗಲೇ ಮುಕ್ತ ಶಾಲಾ ಸಂಸ್ಥೆಯ ಹನ್ನೆರಡನೆಯ ತರಗತಿ ಪ್ರಮಾಣಪತ್ರ ಪಡೆದು ಬರಬೇಕು, ಇಲ್ಲದಿದ್ದರೆ ಪಿಯುಸಿ ಕೇಳುವ ಹುದ್ದೆಗಳಿಗೆ ಅರ್ಜಿಯೇ ಹಾಕಲಾಗದು. ಹುಡುಗ ಸುಟಿಗೆ ಊರಿಗೆ ಬಂದಾಗ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಆ ಪರೀಕ್ಷೆಯ ಫಾರ್ಮ್ ತುಂಬಿದ್ದಾನೋ ಇಲ್ಲವೋ ಎಂಬುದು.